ಸುಣ್ಣಕಲ್ಲಿನ ಸೀಮೆ



ಈ ದತ್ತಿ ಉಪನ್ಯಾಸ ಸೇಡಂ ಸೀಮೆಯ ಹಳೆಯ ಕಟ್ಟಡಗಳ ಕುರಿತೇ ಇರಬೇಕೆಂಬುದು ದತ್ತಿ ಇಟ್ಟವರ ಇಚ್ಛೆ. ಸ್ಮಾರಕ ಅಂದ ಕೂಡಲೇ ನಮ್ಮ ಜಿಲ್ಲೆಯವರ ಮನಸ್ಸು ಕಲಬುರಗಿ ಕೋಟೆಯ ಮಸೀದಿಗೆ, ಬಂದೇನವಾಜರ ದರ್ಗಾಕ್ಕೆ ಹೋಗುತ್ತದೆ. ರಜೆ ಇದ್ದರೆ ಬೀದರಿಗೆ, ವಿಜಯಪುರಕ್ಕೆ ಹೋಗುತ್ತೇವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಏನಿದೆ ಎಂದು ಹೊರಗಿನವರು ಕೇಳಿದರೆ ಮೊದಲು ಬಾಯಿಗೆ ಬರುವುದು ತೊಗರಿ, ಆಮೇಲೆ ಸಿಮೆಂಟ್. ಎರಡೂ ಸುಳ್ಳಲ್ಲ. ಆದರೆ ಎರಡನೆಯದರ ಬೇರು ಹಿಡಿದು ಹೊರಟರೆ ಅಶೋಕನ ಕಾಲಕ್ಕೆ ಹೋಗಿ ಮುಟ್ಟುತ್ತೇವೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಇಲ್ಲಿನ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟ ಕಟ್ಟೋಣ ಬಹುಪಾಲು ನಮ್ಮ ಹೊಲದಡಿಯ ಸುಣ್ಣಕಲ್ಲನ್ನು ನೆಚ್ಚಿಕೊಂಡದ್ದು. ಆ ಕಲ್ಲನ್ನು ಪದರ ಬಿಡಿಸಿ ಎಬ್ಬಿಸುವ ವಿದ್ಯೆ, ಸುಟ್ಟು ಗಾರೆ ಮಾಡುವ ವಿದ್ಯೆ, ಈ ಎರಡೂ ಈ ನೆಲದ್ದೇ. ಮೊದಲನೆಯದು ಸೊರಗುತ್ತಿದೆ, ಎರಡನೆಯದು ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ. ಅವು ಹೋದರೆ ಸರ್ಕಾರ ಎಷ್ಟು ಕೋಟಿ ಕೊಟ್ಟರೂ ಮಳಖೇಡದ ಒಂದು ಹುಡೇವನ್ನು ಸರಿಯಾಗಿ ರಿಪೇರಿ ಮಾಡುವುದು ಆಗದ ಮಾತು.

ಮೊದಲು ಕಲ್ಲಿನ ಸಂಗತಿ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಈ ಸುಣ್ಣಕಲ್ಲು 50 ಕೋಟಿ ವರ್ಷಕ್ಕೂ ಹಳೆಯದು. ಒಂದು ಕಾಲಕ್ಕೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸಣ್ಣ ರಾಡಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಭೂಮಿಯ ಹೊಟ್ಟೆಯಲ್ಲಿ ಹೆಚ್ಚು ಮಡಚಿಕೊಳ್ಳದೆ, ತಿರುಚಿಕೊಳ್ಳದೆ ಉಳಿದದ್ದರಿಂದ ಜೋಳದ ರೊಟ್ಟಿ ಅಡಕಿಟ್ಟ ಹಾಗೆ ಇದೆ. ಖಣಿಯಲ್ಲಿ ಮೇಲಿನ ಎರೆಮಣ್ಣು ಸರಿಸಿ, ಚಾಣದಿಂದ ಗೆರೆ ಹೊಡೆದು, ಪದರದ ಸಂದಿಗೆ ಹಾರೆ ಕೊಟ್ಟು ಮೀಟಿದರೆ ಚಪ್ಪಡಿ ತಾನಾಗಿ ಏಳುತ್ತದೆ. ಗರಗಸ ಬೇಕಿಲ್ಲ. ಬೂದಿ ಬಣ್ಣ, ನೀಲಿ ಛಾಯೆ, ಅಲ್ಲಲ್ಲಿ ಗುಲಾಬಿ, ಹಳದಿ. ಮುಂಬೈ, ಪುಣೆಗಳ ಹಳೆಯ ಮನೆಗಳಲ್ಲಿ ಶಹಾಬಾದಿ ಫರ್ಶಿ ಎಂದು ತುಳಿಯುವುದು ಇದನ್ನೇ. ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಬೇಸಿಗೆಯ ರಾತ್ರಿ ಟವೆಲ್ ಹಾಸಿ ಮಲಗಿದವರೆಲ್ಲ ಈ ಕಲ್ಲಿನ ತಂಪು ಕಂಡವರೇ. ಒಂದು ಊರಿನ ಹೆಸರು ಅರ್ಧ ದೇಶದ ನೆಲಕ್ಕೆ ಅಂಟಿಕೊಂಡಿದೆ, ಆದರೆ ಆ ಊರಿಗೆ ಬಂದು ನೋಡಿದವರು ಕಡಿಮೆ.

ಇದೇ ಕಲ್ಲಿನ ಅತ್ಯಂತ ಹಳೆಯ, ಅತ್ಯಂತ ಸೊಗಸಾದ ಕೆಲಸ ಇರುವುದು ಚಿತ್ತಾಪುರ ತಾಲ್ಲೂಕಿನ ಭೀಮಾ ದಂಡೆಯ ಸನ್ನತಿಯಲ್ಲಿ, ಅದರ ಪಕ್ಕದ ಕನಗನಹಳ್ಳಿಯಲ್ಲಿ. ಸನ್ನತಿ ಚಂದ್ರಲಾಂಬೆಯ ಊರು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಎಷ್ಟೋ ಮನೆತನಗಳಿಗೆ ಕುಲದೇವತೆ. 1954ರಲ್ಲಿ ಕಪಟರಾಳ ಕೃಷ್ಣರಾಯರು ಇಲ್ಲಿನ ಬೌದ್ಧ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದರು. ಅಲ್ಲಿಯವರೆಗೆ ಹೊಲದಲ್ಲಿ ಬಿದ್ದ ಕೆತ್ತನೆಯ ಚಪ್ಪಡಿಗಳನ್ನು ಜನ ಅವರವರಿಗೆ ತೋಚಿದಂತೆ ಬಳಸುತ್ತಿದ್ದರು. ನಿಜವಾದ ಅಚ್ಚರಿ ಬಂದದ್ದು 1986ರಲ್ಲಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿಗೆ ಪೆಟ್ಟಾಯಿತು. ಅವಶೇಷ ತೆಗೆದು ನೋಡಿದರೆ ದೇವಿಯನ್ನು ನಿಲ್ಲಿಸಿದ ಪೀಠದ ಕಲ್ಲಿನ ಎರಡೂ ಮೈಯಲ್ಲಿ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದು ಅಶೋಕನ ಶಾಸನ!

ಮಸ್ಕಿ, ಕೊಪ್ಪಳ, ನಿಟ್ಟೂರು, ಬ್ರಹ್ಮಗಿರಿಗಳಲ್ಲಿ ಇರುವುದು ಅಶೋಕನ ಕಿರು ಶಾಸನಗಳು. ಸನ್ನತಿಯ ಕಲ್ಲಿನಲ್ಲಿ ಹದಿನಾಲ್ಕು ಬಂಡೆ ಶಾಸನಗಳ ಸಾಲಿನ 12 ಮತ್ತು 14ನೆಯವು ಇವೆ. ಅವುಗಳ ಜೊತೆಗೆ, ಕಳಿಂಗದ ಧೌಲಿ ಮತ್ತು ಜೌಗಡ ಬಿಟ್ಟರೆ ಎಲ್ಲೂ ಕಾಣದ ಎರಡು ಪ್ರತ್ಯೇಕ ಶಾಸನಗಳೂ ಇವೆ. ಕಳಿಂಗ ಯುದ್ಧದ ನಾಡಿಗೆಂದೇ ಬರೆಸಿದವು ಎಂದು ಎಲ್ಲರೂ ನಂಬಿದ್ದ ಮಾತುಗಳು ಭೀಮೆಯ ದಂಡೆಯಲ್ಲಿ ಸಿಕ್ಕಿದ್ದು ಇತಿಹಾಸಕಾರರ ಹಳೆಯ ಲೆಕ್ಕವನ್ನೇ ಕೆಡಿಸಿತು. 12ನೆಯ ಶಾಸನದ ವಿಷಯ, ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯಬೇಡಿ ಎಂಬುದು. ಅದೇ ಕಲ್ಲಿನ ನಡುವೆ ಚೌಕನೆಯ ತೂತು ಕೊರೆದು ದೇವಿಯ ಮೂರ್ತಿಯನ್ನು ಕೂಡಿಸಿದ್ದಾರೆ. ತೂತಿನ ಜಾಗದ ಅಕ್ಷರಗಳು ಹೋಗಿವೆ. ಇದನ್ನು ಅನಾಹುತ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇಲ್ಲದ ಕಾಲದಲ್ಲಿ, ಒಳ್ಳೆಯ ಕಲ್ಲು ಎಂದು ಯಾರೋ ಎತ್ತಿ ತಂದು ಗುಡಿಯೊಳಗೆ ಇಟ್ಟರು. ಹೊರಗೆ ಬಿದ್ದಿದ್ದರೆ ಉಳಿದ ಅಕ್ಷರಗಳೂ ಸಿಗುತ್ತಿರಲಿಲ್ಲ.

ಕನಗನಹಳ್ಳಿಯ ದಿಬ್ಬವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದದ್ದು 1990ರ ದಶಕದಲ್ಲಿ. ಕೆ.ಪಿ. ಪೂಣಚ್ಚ ಅವರ ನೇತೃತ್ವದ ಆ ಅಗೆತದಲ್ಲಿ ಒಂದು ಮಹಾಸ್ತೂಪವೇ ಎದ್ದು ಬಂತು. ಅದರ ಶಾಸನಗಳು ಕೊಡುವ ಹೆಸರು ಅಧೋಲೋಕ ಮಹಾಚೈತ್ಯ. ಸ್ತೂಪದ ಸುತ್ತ ಆಳೆತ್ತರಕ್ಕೂ ಮಿಗಿಲಾದ ಸುಣ್ಣಕಲ್ಲಿನ ಚಪ್ಪಡಿಗಳು, ಅವುಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕಿನ ಚಿತ್ರಗಳು, ಶಾತವಾಹನ ದೊರೆಗಳು. ಛತ್ರಿ ಹಿಡಿದ ಸೇವಕಿಯರ ನಡುವೆ ರಾಣಿಯೊಡನೆ ನಿಂತ ಒಬ್ಬ ದೊರೆ, ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹ. ಹೆಸರು ಬರೆದ ಅಶೋಕನ ಚಿತ್ರ ಬೇರೆಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು ಚಪ್ಪಡಿಯಲ್ಲಿ ಶಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ಹೂಗಳನ್ನು ಅರ್ಪಿಸುತ್ತಿದ್ದಾನೆ. ನನಗೆ ಇವರಿಗಿಂತ ಮುಖ್ಯರಾಗಿ ಕಾಣುವವರು ಚಪ್ಪಡಿಗಳ ಅಂಚಿನಲ್ಲಿ ಹೆಸರು ಬರೆಸಿಕೊಂಡ ದಾನಿಗಳು. ಅವರಲ್ಲಿ ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಅವರ ಹೆಂಡಿರು ಮಕ್ಕಳು ಎಲ್ಲರೂ ಇದ್ದಾರೆ. ನಮ್ಮ ಗುಡಿಗಳಲ್ಲಿ ಇಂದಿಗೂ ಫರ್ಶಿಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುತ್ತೇವಲ್ಲ, ಆ ಚಟ ಈ ನೆಲದಲ್ಲಿ ಅಷ್ಟು ಹಳೆಯದು.

ಅಗೆದದ್ದೇನೋ ಆಯಿತು. ಆಮೇಲೆ ಎರಡು ದಶಕ ಆ ಚಪ್ಪಡಿಗಳು ಬಯಲಿನಲ್ಲಿ, ತಗಡಿನ ನೆರಳಿನಲ್ಲಿ ಕಾದವು. ಸುಣ್ಣಕಲ್ಲಿನ ಗುಣ ಎರಡು. ಅದು ಚಾಣಕ್ಕೆ ಬೆಣ್ಣೆಯಾಗಿ ಒಲಿಯುತ್ತದೆ, ಆದ್ದರಿಂದಲೇ ಆ ನವುರಾದ ಕೆತ್ತನೆ ಸಾಧ್ಯವಾಯಿತು. ಅದೇ ಕಲ್ಲು ಮಳೆನೀರಿನ ಸಣ್ಣ ಆಮ್ಲಕ್ಕೂ ಕರಗುತ್ತದೆ. ಮಣ್ಣಿನಡಿ ಹದಿನೆಂಟು ನೂರು ವರ್ಷ ಸುರಕ್ಷಿತವಾಗಿದ್ದ ಕೆತ್ತನೆಯನ್ನು ಬಿಸಿಲು ಮಳೆಗೆ ಒಡ್ಡಿದ ಮೇಲೆ ಪ್ರತಿ ವರ್ಷಕ್ಕೂ ಒಂದು ಬೆಲೆ ಇದೆ. ಚಪ್ಪಡಿಗಳನ್ನು ಮತ್ತೆ ಜೋಡಿಸಿ ಸ್ತೂಪ ಕಟ್ಟುವ ಕೆಲಸ ಶುರುವಾದದ್ದು 2022ರಲ್ಲಿ. ತಡವಾಯಿತು ಎಂದು ದೂರುವವರ ಗುಂಪಿನಲ್ಲಿ ನಾನೂ ಇದ್ದೆ. ಆದರೂ ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಕೃಷ್ಣೆಯ ದಂಡೆಯ ಅಮರಾವತಿಯದೂ ಇಂಥದೇ ಸುಣ್ಣಕಲ್ಲಿನ ಮಹಾಸ್ತೂಪ. 18ನೆಯ ಶತಮಾನದ ಕೊನೆಗೆ ಅಲ್ಲಿನ ಜಮೀನ್ದಾರರ ಹೊಸ ಪೇಟೆಗಾಗಿ ಆ ಕಲ್ಲುಗಳನ್ನು ಕಿತ್ತರು. ಎಷ್ಟೋ ಕೆತ್ತನೆಗಳನ್ನು ಭಟ್ಟಿಗೆ ಹಾಕಿ ಸುಣ್ಣ ಸುಟ್ಟರು. ಅಳಿದುಳಿದದ್ದು ಚೆನ್ನೈಗೆ, ಲಂಡನ್ನಿಗೆ ಹೋಯಿತು. ಕನಗನಹಳ್ಳಿಯದು ಕನಗನಹಳ್ಳಿಯಲ್ಲೇ ಇದೆ.

ಇನ್ನು ಮಳಖೇಡ. ಸೇಡಂ ತಾಲ್ಲೂಕಿನವರ ಮುಂದೆ ಮಳಖೇಡದ ಮಹಿಮೆ ಹೇಳುವುದು ದಡ್ಡತನ, ಆದರೂ ನಾಲ್ಕು ಸಂಗತಿ ನೆನಪಿಸುತ್ತೇನೆ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗ ರಾಷ್ಟ್ರಕೂಟರ ರಾಜಧಾನಿಯನ್ನು ಕಾಗಿಣಾ ದಂಡೆಯ ಮಾನ್ಯಖೇಟಕ್ಕೆ, ಅಂದರೆ ಈ ಮಳಖೇಡಕ್ಕೆ, ತಂದ. ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿದ್ದು ಈ ಆಸ್ಥಾನದಲ್ಲಿ. ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದು, ಶಾಕಟಾಯನ ತನ್ನ ವ್ಯಾಕರಣಕ್ಕೆ ‘ಅಮೋಘವೃತ್ತಿ’ ಎಂದು ಹೆಸರಿಟ್ಟದ್ದು ಈ ಅರಸನ ಕಾಲದಲ್ಲೇ. ಮುಂದೆ ಮೂರನೆಯ ಕೃಷ್ಣನ ಆಶ್ರಯದಲ್ಲಿ ಪೊನ್ನ ಇದ್ದ. ಅಪಭ್ರಂಶದ ಮಹಾಕವಿ ಪುಷ್ಪದಂತ 965ರಲ್ಲಿ ತನ್ನ ‘ಮಹಾಪುರಾಣ’ವನ್ನು ಮುಗಿಸಿದ್ದು ಇದೇ ಊರಿನಲ್ಲಿ. 851ರ ಹೊತ್ತಿಗೆ ಅರಬ್ ವರ್ತಕ ಸುಲೈಮಾನನ ಹೆಸರಿನ ಬರವಣಿಗೆ ಇಲ್ಲಿನ ದೊರೆ ಬಲ್ಹಾರನನ್ನು ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದಿತು. ಮುಂದಿನ ಶತಮಾನದಲ್ಲಿ ಅಲ್ ಮಸೂದಿ ಈ ಊರನ್ನು ಮಾನ್‌ಕೀರ್ ಎಂದು ಕರೆದ. ಅಂದರೆ ಬಾಗ್ದಾದಿನಲ್ಲಿ ಓದುಬರಹ ಬಲ್ಲವನಿಗೆ ಮಳಖೇಡ ಗೊತ್ತಿತ್ತು.

ಈ ಊರಿಗೆ ಬಂದವರು ಮೊದಲು ಕೇಳುವ ಪ್ರಶ್ನೆ: ನೃಪತುಂಗನ ಅರಮನೆ ಎಲ್ಲಿ? ಎಲ್ಲೋರದ ಕೈಲಾಸ ಕಡೆಸಿದ ವಂಶದ ರಾಜಧಾನಿಯಲ್ಲಿ ಅಂಥದೊಂದು ಕಟ್ಟಡ ಬೇಡವೇ? ನೆಲದ ಮೇಲೆ ಅಂಥದ್ದೇನೂ ಇಲ್ಲ. ನೇಮಿನಾಥ ಬಸದಿಯ ಕಂಬಗಳು, ಗೋಡೆಗಳ ಕೆಲವು ಭಾಗ, ಅಲ್ಲಿನ ಜಿನಬಿಂಬಗಳು ರಾಷ್ಟ್ರಕೂಟ, ಚಾಲುಕ್ಯ ಕಾಲದ ನೆನಪನ್ನು ಹಿಡಿದಿವೆ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. 972ರಲ್ಲಿ ಮಾಳವದ ಪರಮಾರ ಸೀಯಕ ಈ ಊರನ್ನು ಲೂಟಿ ಹೊಡೆದ. ಧಾರಾನಗರದ ಧನಪಾಲ ತನ್ನ ತಂಗಿಗಾಗಿ ಬರೆದ ಪ್ರಾಕೃತ ನಿಘಂಟಿನಲ್ಲಿ ಅದು ಬರೆದ ಕಾಲವನ್ನು ಗುರುತಿಸಿದ್ದೇ ಮಾನ್ಯಖೇಟದ ಲೂಟಿಯಿಂದ. ಪುಷ್ಪದಂತ ಊರು ಸುಟ್ಟದ್ದಕ್ಕೆ ಪದ್ಯದಲ್ಲಿ ಮರುಗಿದ. ಮರುವರ್ಷವೇ ಚಾಲುಕ್ಯರ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ. ಚಾಲುಕ್ಯರು ಕೆಲಕಾಲ ಇಲ್ಲಿಂದಲೇ ಆಳಿ, ಮೊದಲನೆಯ ಸೋಮೇಶ್ವರನ ಕಾಲಕ್ಕೆ ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದರು. ಮರ, ಇಟ್ಟಿಗೆ, ಮಣ್ಣಿನ ಅರಮನೆಗಳು ಬೆಂಕಿಗೆ ಹೋದವು. ಕಲ್ಲು ಮುಂದಿನವರ ಕಟ್ಟಡಕ್ಕೆ ಹೋಯಿತು. ಇಂದು ನಾವು ಮಳಖೇಡದ ಕೋಟೆ ಎಂದು ತೋರಿಸುವ ಗೋಡೆ, ಹುಡೇವು, ಅಗಸಿಗಳ ಈಗಿನ ರೂಪ ಸುಲ್ತಾನರ ಕಾಲದ್ದು, ಅದರ ಮುಂದಿನದು. 1685ರಲ್ಲಿ ಗೋಲ್ಕೊಂಡದ ಮೇಲೆ ಹೊರಟ ಔರಂಗಜೇಬನ ಮಗನ ದಂಡನ್ನು ಕುತುಬ್‌ಶಾಹಿ ಸೈನ್ಯ ತಡೆದು ನಿಲ್ಲಿಸಿದ್ದು ಮಳಖೇಡದಲ್ಲಿ. ಆ ಕಥೆಯನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ ಈ ಕೋಟೆ ರಾಷ್ಟ್ರಕೂಟರದಲ್ಲ ಎಂದು ಅದರ ಕಿಮ್ಮತ್ತು ಕಡಿಮೆಯೇ? ನಮ್ಮ ಭಾಷಣಗಳಲ್ಲಿ ಹಾಗೆ ಆಗುತ್ತಿದೆ. ವೇದಿಕೆಯ ಮೇಲೆ ನೃಪತುಂಗ, ಬ್ಯಾನರಿನ ಮೇಲೆ ನೃಪತುಂಗ. ಕೆಳಗೆ ಅದೇ ಊರಿನ ಗೋಡೆ ಮಳೆಗೆ ಬೀಳುತ್ತದೆ. 2020ರ ಅಕ್ಟೋಬರಿನ ಮಳೆಯಲ್ಲಿ ಕೋಟೆಯ ಒಂದು ಭಾಗ ಹಾಗೆಯೇ ಬಿತ್ತು. ಕಾಗಿಣಾ ಉಕ್ಕಿದಾಗಲೆಲ್ಲ ದಂಡೆಯ ಮೇಲಿನ ಉತ್ತರಾದಿ ಮಠಕ್ಕೆ, ಜಯತೀರ್ಥರ ಬೃಂದಾವನದ ಆವರಣಕ್ಕೆ ನೀರು ನುಗ್ಗುತ್ತದೆ. ಆ ಸುದ್ದಿ ಪ್ರತಿ ಬಾರಿ ಪತ್ರಿಕೆಗೆ ಬರುತ್ತದೆ, ಏಕೆಂದರೆ ಅಲ್ಲಿ ಭಕ್ತರಿದ್ದಾರೆ, ಉತ್ಸವ ಇದೆ, ಕೇಳುವವರಿದ್ದಾರೆ. ಗೋಡೆಗೆ ಭಕ್ತರಿಲ್ಲ.

ಗೋಡೆ ಯಾಕೆ ಬೀಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಮಾತಿನ ಜೀವ ಇರುವುದು ಇಲ್ಲೇ. ಈ ಬಗೆಯ ಕೋಟೆಗೋಡೆ ಎರಡು ಕಲ್ಲಿನ ಮುಖಗಳ ನಡುವೆ ಮಣ್ಣು, ಗರಸು, ಗುಂಡು ಕಲ್ಲು ತುಂಬಿದ್ದು. ಮೇಲೆ ಗಚ್ಚು ಇದ್ದು ನೀರು ಹರಿದು ಹೋಗುವವರೆಗೆ ಗೋಡೆ ಗಟ್ಟಿ. ಗಚ್ಚು ಸೀಳಿ, ಸಂದಿಯಲ್ಲಿ ಬೇವಿನ ಸಸಿ ಎದ್ದು, ನೀರು ಒಳಗಿಳಿದರೆ ನಡುವಿನ ಮಣ್ಣು ನೆನೆದು ಉಬ್ಬುತ್ತದೆ, ಮುಖದ ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. ಆಗ ನಮ್ಮ ಗುತ್ತಿಗೆದಾರರು ಏನು ಮಾಡುತ್ತಾರೆ? ಸಂದಿಗೆ ಸಿಮೆಂಟ್ ಬಳಿಯುತ್ತಾರೆ. ನೋಡಲು ಮಜಬೂತು. ಆದರೆ ಸಿಮೆಂಟ್ ಉಸಿರಾಡುವುದಿಲ್ಲ. ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಕಲ್ಲಿನೊಳಗೇ ಹೋಗುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ. ಒಣಗುವಾಗ ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನೇ ಸಿಪ್ಪೆಸಿಪ್ಪೆಯಾಗಿ ಉದುರಿಸುತ್ತದೆ. ಸಿಮೆಂಟಿನ ಗೆರೆ ಗಟ್ಟಿಯಾಗಿ ನಿಂತಿರುತ್ತದೆ, ಅದರ ಅಕ್ಕಪಕ್ಕದ ಹಳೆಯ ಕಲ್ಲು ಸವೆದು ಹೋಗಿರುತ್ತದೆ. ನಮ್ಮ ತಾಲ್ಲೂಕುಗಳ ಗುಡಿ, ಬಾವಿ, ಮಸೀದಿ ಯಾವುದನ್ನು ಬೇಕಾದರೂ ನೋಡಿ, ಮೂವತ್ತು ವರ್ಷದ ಹಿಂದಿನ ಸಿಮೆಂಟ್ ರಿಪೇರಿ ಎಲ್ಲಿದೆಯೋ ಅಲ್ಲಿ ಈ ಗುರುತು ಸಿಗುತ್ತದೆ.

ಸುಣ್ಣದ ಗಾರೆ ಹಾಗಲ್ಲ. ಅದು ಕಲ್ಲಿಗಿಂತ ಮೆತ್ತಗಿದ್ದು ತಾನು ಸವೆದು ಕಲ್ಲನ್ನು ಉಳಿಸುತ್ತದೆ, ತೇವವನ್ನು ಹೊರಗೆ ಬಿಡುತ್ತದೆ, ಸಣ್ಣ ಸೀಳನ್ನು ಕಾಲಕ್ರಮದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಸುಣ್ಣಕಲ್ಲನ್ನು 900 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಸುಣ್ಣ. ಅದೇ ಕಲ್ಲಿಗೆ ಜೇಡಿಯನ್ನು ಬೆರೆಸಿ 1450 ಡಿಗ್ರಿಗೆ ಕಾಯಿಸಿದರೆ ಸಿಮೆಂಟಿನ ಕ್ಲಿಂಕರ್. ಕಲ್ಲು ಒಂದೇ, ಉರಿ ಬೇರೆ. ಹಿಂದಿನ ಗೌಂಡಿಗಳು ಸುಣ್ಣವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ಅರಳಿಸಿ, ಎತ್ತು ಕಟ್ಟಿದ ಗಾಣದಲ್ಲಿ ಮರಳಿನ ಜೊತೆ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಹದ ಮಾಡುತ್ತಿದ್ದರು. ದೇಶಕ್ಕೆಲ್ಲ ಸಿಮೆಂಟ್ ಕಳಿಸುವ ಸೀಮೆಯಲ್ಲಿ ಇವತ್ತು ಒಂದು ಬಂಡಿ ಅರೆದ ಗಾರೆ ಬೇಕೆಂದರೆ ಎಲ್ಲಿ ಸಿಗುತ್ತದೆ ಹೇಳಿ ನೋಡೋಣ.

ಈ ಊರಿನದೇ ಸಂಗತಿಗೆ ಬರುತ್ತೇನೆ. ಶಾಸನಗಳು ಸೇಡಮ್ಮನ್ನು ಸೇಡಿಂಬ ಎನ್ನುತ್ತವೆ. ಅದು ಮುನ್ನೂರು ಮಹಾಜನರ ಅಗ್ರಹಾರವಾಗಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದ 1124ರ ಶಾಸನ, ಈ ವೈದಿಕ ಮಹಾಜನರೇ ಶಾಂತಿನಾಥನಿಗೆ ಬಸದಿ ಕಟ್ಟಿಸಿ ದತ್ತಿ ಬಿಟ್ಟರೆಂದು ಹೇಳುತ್ತದೆ. ಅದೇ ಶಾಸನದಲ್ಲಿ ಈ ಮಹಾಜನರು ಅಭಿಚಾರ ಹೋಮದಿಂದ ಕಂಚಿಯ ಬಾಗಿಲನ್ನೇ ಮುರಿದವರು ಎಂಬ ಹೊಗಳಿಕೆಯೂ ಇದೆ! ಮಂತ್ರದಿಂದ ಕೋಟೆ ಒಡೆಯುವಷ್ಟು ಉಗ್ರರು ಪರಧರ್ಮದ ಗುಡಿಗೆ ಹೊಲ ಬಿಟ್ಟರು. ಮಳಖೇಡ, ಸೇಡಂ, ಆಡಕಿಯ ಜೈನ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ ಪಿ.ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ನಮಗೆ ದಾರಿ ತೋರುವ ಪುಸ್ತಕ. ಇಲ್ಲಿನ ಪಂಚಲಿಂಗೇಶ್ವರ ಗುಡಿಯ ಸುತ್ತ ಓಡಾಡುವ ನಮ್ಮ ಹುಡುಗರಿಗೆ ಈ ಶಾಸನಗಳ ಸಂಗತಿಯನ್ನು ಕನ್ನಡದಲ್ಲಿ ಸರಳವಾಗಿ ಹೇಳುವ ಒಂದು ಫಲಕವಾದರೂ ಬೇಕು.

ಚಿತ್ತಾಪುರದ ಪಕ್ಕದ ನಾಗಾವಿಗೆ ಜನ ಹೋಗುವುದು ಯಲ್ಲಮ್ಮನ ಜಾತ್ರೆಗೆ. ಜಾತ್ರೆ ಮುಗಿಸಿ ನಾಲ್ಕು ಹೆಜ್ಜೆ ಆಚೆ ಹೋದರೆ ಅರವತ್ತು ಕಂಬದ ಗುಡಿ. ಹನ್ನೊಂದನೆಯ ಶತಮಾನದಲ್ಲಿ ಇಲ್ಲೊಂದು ಘಟಿಕಾಸ್ಥಾನ ಇತ್ತು. ಈಗಿನ ಮಾತಿನಲ್ಲಿ ವಸತಿ ವಿದ್ಯಾಲಯ. ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಇದಕ್ಕೆ ಬಿಟ್ಟ ದತ್ತಿಯ ವಿವರ 1058ರ ಶಾಸನದಲ್ಲಿದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಅವರ ಮೇಲೆ ಆರು ಮಂದಿ ಸರಸ್ವತಿ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು. 42 ವಿದ್ಯಾರ್ಥಿಗಳಿಗೆ ಒಬ್ಬ ಗ್ರಂಥಪಾಲಕ. ಪಾಠ ಹೇಳುವವರು ಆರು, ಪುಸ್ತಕ ನೋಡಿಕೊಳ್ಳುವವರೂ ಆರು! ಗ್ರಂಥಪಾಲಕರ ಹುದ್ದೆ ವರ್ಷಾನುಗಟ್ಟಲೆ ಖಾಲಿ ಬಿದ್ದಿರುವ ಕಾಲೇಜುಗಳಲ್ಲಿ ಕಲಿಸಿದವನು ನಾನು, ಈ ಲೆಕ್ಕ ಓದಿದಾಗಲೆಲ್ಲ ಹೊಟ್ಟೆಕಿಚ್ಚು. ಈ ಶಾಸನಗಳನ್ನು 1928ರಲ್ಲಿ ಅಚ್ಚು ಹಾಕಿಸಿದ್ದು ನಿಜಾಮ ಸರ್ಕಾರದ ಪುರಾತತ್ವ ಇಲಾಖೆ. 1914ರಲ್ಲಿ ಶುರುವಾದ ಆ ಇಲಾಖೆಯ ಮೊದಲ ನಿರ್ದೇಶಕ ಗುಲಾಮ್ ಯಜ್ದಾನಿ. ಹೈದರಾಬಾದಿನ ಆಡಳಿತದ ಮೇಲೆ ನಮ್ಮ ಹಿರಿಯರಿಗೆ ನೂರು ತಕರಾರು ಇದ್ದವು, ನ್ಯಾಯವಾಗಿಯೇ ಇದ್ದವು. ಆದರೆ ನಾಗಾವಿಯ ಕನ್ನಡ ಶಾಸನ ಲೋಕಕ್ಕೆ ತಿಳಿದದ್ದು ಆ ಇಲಾಖೆಯಿಂದ ಎಂಬುದನ್ನೂ ಹೇಳಬೇಕು.

ನಾಗಾವಿಯ ಕಂಬಗಳ ನಡುವೆ ನಿಂತರೆ ಕಟ್ಟಡದ ಜಾಣ್ಮೆ ತಿಳಿಯುತ್ತದೆ. ಕಂಬಗಳು ಮಾಳಿಗೆಯ ತೂಕ ಹೊತ್ತು ನಿಂತಿವೆ, ಗೋಡೆ ಹೋದರೂ ಮಂಟಪ ಉಳಿದಿದೆ. ಕಾಳಗಿಯ ನೀಲಕಂಠ ಕಾಳೇಶ್ವರ ಗುಡಿಯ ಮಾತು ಬೇರೆ. ಅಲ್ಲಿ ನೀರಿನ ಬುಗ್ಗೆಗಳಿವೆ, ರೌದ್ರಾವತಿ ಇದೆ, ಪೂಜೆ ನಿಂತಿಲ್ಲ. ಶಹಾಬಾದ್ ಬಳಿಯ ಮರತೂರಿನವರು ‘ಮಿತಾಕ್ಷರ’ದ ವಿಜ್ಞಾನೇಶ್ವರನನ್ನು ತಮ್ಮ ಊರಿನವನೆಂದೇ ಹೇಳುತ್ತಾರೆ, ಅವನ ಹೆಸರಿನ ಭವನವೂ ಅಲ್ಲಿದೆ. ಹಿಂದೂ ಆಸ್ತಿ ಹಂಚಿಕೆಯ ದಾವೆಗಳಲ್ಲಿ ಒಂಬೈನೂರು ವರ್ಷದ ಮೇಲೂ ಉಲ್ಲೇಖವಾಗುವ ಗ್ರಂಥಕರ್ತನ ನೆನಪಿಗೆ ಒಂದು ಭವನ ದೊಡ್ಡದೇನಲ್ಲ.

ಚಿಂಚೋಳಿಗೆ ಹೋದಂತೆ ಕಲ್ಲು ಬದಲಾಗುತ್ತದೆ. ಸುಣ್ಣಕಲ್ಲಿನ ಬದಲು ಗುಡ್ಡದ ಕರಿಗಲ್ಲು, ಅದರ ಮೇಲೆ ಕೆಂಪು ಮುರಕಲ್ಲು. ಚಂದ್ರಂಪಳ್ಳಿಯ ಸುತ್ತಲ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿ ಒಂದು ಮರ ಕಡಿದರೆ ಕೇಸು. ಧಾಮದ ಗೆರೆಯ ಈಚೆ ಒಂದು ಶಾಸನದ ಕಲ್ಲನ್ನು ಕಾಲುವೆಯ ಮೇಲೆ ಹಾಸಿದರೆ ಯಾರ ಕೇಸೂ ಇಲ್ಲ.

ವಾಡಿ, ಶಹಾಬಾದ್‌ಗಳಿಗೆ ಬಂದರೆ, ಇಲ್ಲೇನು ಸ್ಮಾರಕ ಎಂದು ನೀವು ಕೇಳಬಹುದು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಶಹಾಬಾದ್, ವಾಡಿ ಮೇಲೆ ಹಾಯ್ದು ರಾಯಚೂರು ಮುಟ್ಟಿದ್ದು 1871ರಲ್ಲಿ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾರಿಯಾಗಿ ಸಿಕಂದರಾಬಾದಿಗೆ ಹೋಯಿತು. ಶಹಾಬಾದಿನ ಕಲ್ಲು ಮುಂಬೈ ಸೇರಿದ್ದು, ಹೆಸರಾದದ್ದು ಈ ಹಳಿಯಿಂದ. ಹಳಿಯ ಹಿಂದೆಯೇ ಸಿಮೆಂಟ್ ಬಂತು. ಹತ್ತು ಕಂಪನಿಗಳು ಕೂಡಿ 1936ರಲ್ಲಿ ಎಸಿಸಿ ಆದಾಗ ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ವಾಡಿಯ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಆಮೇಲೆ ಕುರಕುಂಟಾ, ಸೇಡಂ, ಮಳಖೇಡ. ಹಳೆಯ ಗೋದಾಮು, ಸಿಗ್ನಲ್ ಕಟ್ಟೆ, ಕಾರ್ಮಿಕರ ಸಾಲುಮನೆ, ಇವೂ ಪರಂಪರೆಯೇ. ನೂರೈವತ್ತು ವರ್ಷ ದಾಟಿದ ಜಂಕ್ಷನ್ನಿನ ಒಂದು ಹಳೆಯ ಕಟ್ಟಡವನ್ನಾದರೂ ರೈಲು ಮತ್ತು ಕಲ್ಲಿನ ಕಥೆ ಹೇಳುವ ಸಂಗ್ರಹಾಲಯ ಮಾಡಿದರೆ, ಗಾಡಿ ಬದಲಿಸಲು ಗಂಟೆಗಟ್ಟಲೆ ಕಾಯುವ ಪ್ರಯಾಣಿಕರಿಗೆ ಹೊತ್ತೂ ಹೋದೀತು.

ಸರ್ಕಾರದ ಪಟ್ಟಿಯಲ್ಲಿ ಎಂದೂ ಬರದ ಇನ್ನೊಂದು ಪರಂಪರೆ ನಮ್ಮ ಓಣಿಗಳಲ್ಲಿದೆ. ಗೋಡೆ ಕಲ್ಲಿನದು, ನೆಲ ಕಲ್ಲಿನದು, ಕಟ್ಟೆ ಕಲ್ಲಿನದು, ಗೋಡೆಗೆ ಹಾಕಿದ ಅಟ್ಟಣಿಗೆ ಕಲ್ಲಿನದು, ಹೊಲದ ಬೇಲಿಗೆ ನೆಟ್ಟ ಚಪ್ಪಡಿ ಕಲ್ಲಿನದು. ತೊಲೆ, ಜಂತಿ ಹಾಕಿ ಮೇಲೆ ಮಣ್ಣು ಬಡಿದ ಮಾಳಿಗೆ, ನಡುವೆ ಬೆಳಕಿಂಡಿ. ಮೇ ತಿಂಗಳಲ್ಲಿ ಹೊರಗೆ 44 ಡಿಗ್ರಿ ಸುಡುವಾಗ ಆ ಮನೆಯ ಪಡಸಾಲೆಯಲ್ಲಿ ಕೂತವನಿಗೆ ಅದರ ಬೆಲೆ ಗೊತ್ತು. ಅಂಥ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ ನನ್ನ ಬಂಧುಗಳೇ ಬೇಸಿಗೆಯಲ್ಲಿ ಹಳೆಯ ಮನೆಯವರ ಕಟ್ಟೆಗೆ ಬಂದು ಕೂಡುತ್ತಾರೆ. ಮಾಳಿಗೆಗೆ ವರ್ಷವೂ ಮಣ್ಣು ಹಾಕಬೇಕು, ಆಳು ಸಿಗುವುದಿಲ್ಲ ಎಂಬ ಅವರ ಕಷ್ಟವೂ ನಿಜವೇ. ಮನೆ ಉಳಿಸಿ ಎಂದು ವೇದಿಕೆಯಿಂದ ಉಪದೇಶಿಸುವುದು ಸುಲಭ, ಸೋರುವ ಮಾಳಿಗೆಯ ಕೆಳಗೆ ಮಲಗುವುದು ಸುಲಭವಲ್ಲ.

ಕಾನೂನಿನ ಮಾತು ಹೇಳಿ ಮುಂದೆ ಹೋಗುತ್ತೇನೆ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಇವೆ. 2010ರ ತಿದ್ದುಪಡಿಯ ಮೇಲೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಉದ್ದೇಶ ಒಳ್ಳೆಯದು. ಆದರೆ ಹಳ್ಳಿಯವನಿಗೆ ಅದು ಮುಟ್ಟುವುದು ಪಾಯಖಾನೆ ಕಟ್ಟಬೇಡ ಎಂಬ ನೋಟಿಸಿನ ರೂಪದಲ್ಲಿ. ಆಮೇಲೆ ಅವನು ಹೊಲದಲ್ಲಿ ವಿಗ್ರಹ ಸಿಕ್ಕರೆ ಯಾರಿಗೂ ಹೇಳದೆ ಮತ್ತೆ ಮಣ್ಣು ಮುಚ್ಚುತ್ತಾನೆ. ಇಲಾಖೆಯವರು ಊರಿನವರನ್ನು ಕಾವಲಿಗೆ ಹಚ್ಚದೆ ತಂತಿಬೇಲಿಗೆ ಹಚ್ಚಿದರೆ ಹೀಗೇ ಆಗುವುದು. ಸನ್ನತಿಯ ಶಾಸನವನ್ನು ಕಾದದ್ದು ಬೇಲಿಯಲ್ಲ, ಪೂಜೆ. ಹಾಗೆಂದು ಪೂಜೆ ನಡೆಯುವಲ್ಲೆಲ್ಲ ಕ್ಷೇಮ ಎಂದೂ ಅಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಆಯಿಲ್ ಪೇಂಟ್ ಬಳಿದ, ಚಾಲುಕ್ಯರ ಕಂಬಕ್ಕೆ ಬಾತ್‌ರೂಮಿನ ಟೈಲ್ಸ್ ಅಂಟಿಸಿದ ಗುಡಿಗಳು ಈ ಐದೂ ಊರುಗಳ ಸುತ್ತ ಇವೆ. ಹೆಸರು ಹೇಳುವುದಿಲ್ಲ, ಟ್ರಸ್ಟಿಗಳು ಇಲ್ಲೇ ಕೂತಿರಬಹುದು.

ನನ್ನ ಬೇಡಿಕೆ ದೊಡ್ಡದಲ್ಲ. ಮಳಖೇಡದಲ್ಲಿ ಒಂದು ಸುಣ್ಣದ ಭಟ್ಟಿ, ಒಂದು ಗಾರೆಯ ಗಾಣ, ವರ್ಷಕ್ಕೆ ಇಪ್ಪತ್ತು ಹುಡುಗ ಹುಡುಗಿಯರಿಗೆ ಕಲ್ಲು ಕಟ್ಟುವ, ಗಚ್ಚು ಹಾಕುವ ತರಬೇತಿ. ಕಲಿಸಲು ಖಣಿಯಲ್ಲಿ ಕೈ ಪಳಗಿದ ವಡ್ಡರ ಹಿರಿಯರು ಶಹಾಬಾದ್, ಸೇಡಂ ಸುತ್ತ ಇನ್ನೂ ಇದ್ದಾರೆ. ಯಂತ್ರದ ಗರಗಸ ಬಂದ ಮೇಲೆ ಅವರ ಚಾಣಕ್ಕೆ ಕೆಲಸ ಕಡಿಮೆಯಾಗಿದೆ. ಕಲಿತವರಿಗೆ ಕೆಲಸ ಎಲ್ಲಿ ಎಂದರೆ ಮಳಖೇಡದ ಕೋಟೆ ಒಂದೇ ಹತ್ತು ವರ್ಷದ ಕೆಲಸ. ಕಲಬುರಗಿ, ಬೀದರ, ಬಸವಕಲ್ಯಾಣದ ಕೋಟೆಗಳು ಆಚೆಗಿವೆ. ಹಣದ ಮಾತು ಬಂದರೆ, 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಎಂದು ಸ್ಪಷ್ಟವಾಗಿಯೇ ಬರೆದಿದೆ. ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಾಮಾಜಿಕ ಹೊಣೆಗೆಂದು ಖರ್ಚು ಮಾಡಲೇಬೇಕು, ಅದರಲ್ಲಿ ಇದಕ್ಕೆ ಜಾಗವಿದೆ. ಈ ನೆಲದ ಕಲ್ಲು ಸುಟ್ಟೇ ಲಾಭ ಮಾಡುವ ಕಾರ್ಖಾನೆಗಳು ಕೋಟೆಯಿಂದ ಕಣ್ಣಳತೆಯ ದೂರದಲ್ಲಿವೆ. ಅವುಗಳಿಗೆ ಅರ್ಜಿ ಬರೆಯುವವರು ಬೇಕು. ಕಾಲೇಜಿನ ಇತಿಹಾಸ ವಿಭಾಗ, ಮಳಖೇಡದ ಗ್ರಾಮ ಪಂಚಾಯಿತಿ, ಬಸದಿ, ಮಠ, ದರ್ಗಾ ಮೂರರ ಸಮಿತಿಗಳು ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅರ್ಜಿಗೆ ತೂಕ ಬರುತ್ತದೆ. ಕರಡು ನಾನು ಬರೆದು ತಂದಿದ್ದೇನೆ, ಸಭೆ ಮುಗಿದ ಮೇಲೆ ಅಧ್ಯಕ್ಷರ ಮೇಜಿನ ಮೇಲೆ ಇಡುತ್ತೇನೆ, ತಿದ್ದುವುದಿದ್ದರೆ ತಿದ್ದಿ.